ಕೋಲಾಟದಲ್ಲಿ ಮಕ್ಕಳು ಹಾಡಿಗಿಂತ ಮುಂದೆ ಓಡುತ್ತಾರೆ, ಏನು ಮಾಡಲಿ?

ಪ್ರಶ್ನೆ: ಶಾಲಾ ವಾರ್ಷಿಕೋತ್ಸವಕ್ಕೆ ಎರಡು ಮತ್ತು ಮೂರನೇ ತರಗತಿಯ 16 ಮಕ್ಕಳಿಗೆ ಕೋಲಾಟ ಕಲಿಸುತ್ತಿದ್ದೇನೆ. ಅರ್ಥವಾಗಲಿ ಎಂದು ತುಂಬಾ ನಿಧಾನವಾಗಿ ಹೇಳಿಕೊಡುತ್ತೇನೆ. ಆದರೂ ಎಲ್ಲರೂ ಮುಂದೆ ಮುಂದೆ ಓಡುತ್ತಾರೆ. ಜೊತೆಗಾರರನ್ನು ಬದಲಿಸುವಾಗಲಂತೂ ಎಲ್ಲ ಕಲಸುಮೇಲೋಗರ. ಎಲ್ಲಿ ತಪ್ಪುತ್ತಿದೆ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ನಿಧಾನ ಮಾಡಿದ್ದೇ ತೊಡಕು. ಏಳು ವರ್ಷದ ಮಗುವಿಗೆ 'ನಿನಗೆ ಬೇಕಾದ ಹಾಗೆ ಬೆಂಚು ತಟ್ಟು' ಅಂದು ನೋಡಿ, ದೊಡ್ಡವರಿಗಿಂತ ಬೇಗ ಬೇಗ ತಟ್ಟುತ್ತದೆ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವಿನ ಬಿಡುವು ಹೆಚ್ಚಾದಷ್ಟೂ ಕಾಯುವುದು ಆ ವಯಸ್ಸಿಗೆ ಕಷ್ಟ. ಮುಂದಿನ ಪೆಟ್ಟು ತಾನಾಗಿ ಮೊದಲೇ ಬಿದ್ದುಬಿಡುತ್ತದೆ. ಹಾಗಾಗಿ ಲಯ ಇಳಿಸಬೇಡಿ, ಕಲಿಸುವ ತುಣುಕನ್ನು ಚಿಕ್ಕದು ಮಾಡಿ.

ಬಿಡುವನ್ನು ಬಾಯಿಯಿಂದ ತುಂಬಿಸಿ. ಸೆಕೆಂಡಿಗೆ ಎರಡು ಅಕ್ಷರ ಬರುವ ಹಾಗೆ ಎಲ್ಲರೂ ಗಟ್ಟಿಯಾಗಿ 'ತ-ಕ-ಧಿ-ಮಿ' ಹೇಳಲಿ. ಕೋಲು ಬೀಳುವುದು 'ತ' ಮತ್ತು 'ಧಿ' ಮೇಲೆ ಮಾತ್ರ. ಈಗ ಪೆಟ್ಟು ನಿಧಾನವಾಗಿಯೇ ಇದೆ, ಆದರೆ ನಡುವೆ ಖಾಲಿ ಜಾಗವಿಲ್ಲ. 'ಕ' ಹೇಳಿ ಮುಗಿಸದೆ 'ಧಿ' ಹೊಡೆಯಲು ಬರುವುದಿಲ್ಲವಲ್ಲ! ಓಡುವ ಮಕ್ಕಳನ್ನು ಕಟ್ಟಿ ನಿಲ್ಲಿಸುವುದು ಆ 'ಕ' ಮತ್ತು 'ಮಿ'.

ಒಂದು ಸುತ್ತಿಗೆ ನಾಲ್ಕು ತಕಧಿಮಿ ಸಾಕು. ಮೊದಲ ಎರಡರಲ್ಲಿ ನಾಲ್ಕು ಪೆಟ್ಟು: ತನ್ನ ಕೋಲಿಗೆ ತನ್ನದು, ಎದುರಿನವರ ಬಲಗೋಲಿಗೆ ಬಲಗೋಲು, ಮತ್ತೆ ತನ್ನದಕ್ಕೆ, ಆಮೇಲೆ ಎಡಕ್ಕೆ ಎಡ. ಮೂರನೆಯದರಲ್ಲಿ ಅಕ್ಷರಕ್ಕೊಂದರಂತೆ ನಾಲ್ಕು ಹೆಜ್ಜೆ ಹಾಕಿ ಹೊಸ ಜಾಗಕ್ಕೆ. ನಾಲ್ಕನೆಯದರಲ್ಲಿ ನಿಂತಲ್ಲೇ ತನ್ನ ಕೋಲಿಗೆ ಎರಡು ಪೆಟ್ಟು. ಈ ಕೊನೆಯ ತಕಧಿಮಿಯನ್ನು ಉಳಿಸಿಕೊಳ್ಳಲೇಬೇಕು, ತಡವಾಗಿ ಬಂದ ಮಗು ತಾಳಕ್ಕೆ ಕೂಡಿಕೊಳ್ಳುವುದು ಅಲ್ಲೇ. ಬಲಗೋಲು ಯಾವುದೆಂದು ಗೊತ್ತಾಗಲು ಅದಕ್ಕೊಂದು ಕೆಂಪು ಟೇಪು ಸುತ್ತಿ.

ಜೊತೆಗಾರರ ಬದಲಾವಣೆಯ ಗೊಂದಲಕ್ಕೆ ಕಾರಣ ಬಹುಶಃ ಒಳಗೊಂದು, ಹೊರಗೊಂದು ನಿಂತ ಎರಡೂ ವೃತ್ತಗಳು ಒಟ್ಟಿಗೆ ಸರಿಯುತ್ತಿರುವುದು. ಎದುರುಬದುರು ನಿಂತವರು ತಮ್ಮ ತಮ್ಮ ಬಲಕ್ಕೆ ಒಂದೊಂದು ಜಾಗ ಸರಿದರೆ ಪಕ್ಕದ ಜೊತೆಗಾರ ತಪ್ಪಿಹೋಗಿ ಅವನಾಚೆಯವನು ಸಿಗುತ್ತಾನೆ. ಪಕ್ಕದವನನ್ನೇ ಹುಡುಕಿಕೊಂಡು ಅರ್ಧ ಮಕ್ಕಳು ಮಧ್ಯದಲ್ಲೇ ನಿಂತುಬಿಡುತ್ತಾರೆ. ಒಳವೃತ್ತದ ಎಂಟು ಮಕ್ಕಳು ಹೊರಗೆ ಮುಖ ಮಾಡಿ ಕದಲದೆ ನಿಲ್ಲಲಿ, ಹೊರವೃತ್ತದವರು ಮಾತ್ರ ಸರಿಯಲಿ. ಎಂಟು ಸಲ ಸರಿದರೆ ಮೊದಲಿನ ಜೊತೆಗಾರರೇ ಸಿಗುತ್ತಾರೆ, ಅಷ್ಟಕ್ಕೆ ಒಂದು ನಿಮಿಷದ ಮೇಲೆ ನಾಲ್ಕು ಸೆಕೆಂಡು ಹಿಡಿಯುತ್ತದೆ.

ಅಂಗಳದ ನಡುವೆ ಗೂಟ ನೆಟ್ಟು ಹಗ್ಗ ಹಿಡಿದು ಒಂದೂವರೆ ಮೀಟರಿಗೊಂದು, ಎರಡೂವರೆ ಮೀಟರಿಗೊಂದು ವೃತ್ತ ಎಳೆಯಿರಿ. ಪ್ರತಿ ವೃತ್ತದಲ್ಲೂ ಎಂಟು ಕಡೆ ಸುಣ್ಣದ ಗುರುತು ಇರಲಿ. ಹೊರವೃತ್ತದಲ್ಲಿ ಗುರುತಿನಿಂದ ಗುರುತಿಗೆ ಸುಮಾರು ಎರಡು ಮೀಟರ್ ಆಗುತ್ತದೆ, ಮಗುವಿನ ನಾಲ್ಕು ಹೆಜ್ಜೆಗೆ ಸರಿಯಾಗಿ. ಅಡ್ಡಡ್ಡ ಸರಿದರೆ ಕಾಲಿಗೆ ಕಾಲು ತೊಡರುತ್ತದೆ. ಬಲಕ್ಕೆ ತಿರುಗಿ ನೇರ ನಡೆದು, 'ಮಿ'ಗೆ ಒಳಮುಖವಾಗಿ ತಿರುಗಲಿ.

ಕೋಲು ಕೊನೆಗೆ ಬರಲಿ. ಮೊದಲು ಬಾಯಿ ಮತ್ತು ಕಾಲು, ಆಮೇಲೆ ಅಂಗೈಗೆ ಅಂಗೈ, ಅದಾದ ಮೇಲೆ ಬಿಗಿಯಾಗಿ ಸುತ್ತಿದ ಹಳೇ ಪೇಪರು. ಪೇಪರಿನಲ್ಲಿ ಗುರಿ ತಪ್ಪಿದರೂ ಬೆರಳಿಗೆ ನೋವಿಲ್ಲ. ಪೆಟ್ಟಿನ ಭಯವಿದ್ದರೆ ಮಗು ಕೈ ಹಿಂದೆಳೆದುಕೊಳ್ಳುತ್ತದೆ, ತಾಳ ತಪ್ಪುವುದಕ್ಕೆ ಅದೂ ಒಂದು ಕಾರಣ. ಕೋಲು ಸುಮಾರು 30 ಸೆಂ.ಮೀ. ಉದ್ದ, ದೊಡ್ಡವರ ಹೆಬ್ಬೆರಳಿನಷ್ಟು ದಪ್ಪ ಇದ್ದು, ತುದಿ ಉಜ್ಜಿ ನುಣುಪಾಗಿರಲಿ. ಹಿಡಿದಾಗ ತೋರುಬೆರಳು ಕೋಲಿನ ಮೇಲೆ ಚಾಚಬಾರದು, ಮೊದಲ ಪೆಟ್ಟು ಅದಕ್ಕೇ ಬೀಳುವುದು. ಕೋಲಿಗೆ ಕೋಲು ತಾಗಬೇಕಾದದ್ದು ಮೇಲಿನ ಮೂರನೇ ಒಂದು ಭಾಗದಲ್ಲಿ.

ಅಭ್ಯಾಸಕ್ಕೆ ಮೊಬೈಲ್ ಹಾಡು ಬೇಡವೇ ಬೇಡ. 32 ಕೋಲುಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ, ಮಕ್ಕಳು ಪಕ್ಕದವರ ಕೋಲು ನೋಡಿ ಹೊಡೆಯುತ್ತಾರೆ. ನೀವೇ ಹಾಡಿ. ಬೋರಲು ಹಾಕಿದ ಬಕೆಟ್ಟಿನ ಮೇಲೆ ತಾಳ ಹಾಕಿದರೂ ಸಾಕು.

ಪ್ರಶ್ನೆ: ಒಂದನೇ ತರಗತಿಯ ಒಬ್ಬ ಹುಡುಗನ ಚಪ್ಪಾಳೆ ಎಂದೂ ಹೊಂದುವುದಿಲ್ಲ. ಅವನಿಗೆ ತಾಳಜ್ಞಾನವೇ ಇಲ್ಲವೆಂದು ಬಿಟ್ಟುಬಿಡಬಹುದೇ?
– ಶಿಕ್ಷಕರು, ತುಮಕೂರು

ಉತ್ತರ: ದಯವಿಟ್ಟು ಬಿಡಬೇಡಿ. ಆರು ವರ್ಷಕ್ಕೆ ಆ ಮಾತು ಹೇಳುವುದು ತೀರಾ ಅವಸರ, ತಾಳಕ್ಕೆ ಹೊಂದುವುದು ಮುಂದಿನ ವರ್ಷಗಳಲ್ಲೂ ಬಲಿಯುತ್ತಾ ಹೋಗುತ್ತದೆ. ಅವನು ನಿಮಗೆ ಹೊಂದಲಿ ಎಂದು ಕಾಯುವ ಬದಲು ನೀವು ಅವನಿಗೆ ಹೊಂದಿಕೊಳ್ಳಿ. ಎದುರಿಗೆ ಕೂತು, ಅವನು ತಟ್ಟಿದ ವೇಗದಲ್ಲೇ ನೀವೂ ತಟ್ಟಿ, ಅದಕ್ಕೆ ಅವನ ಹೆಸರನ್ನೇ ಸೇರಿಸಿ ಹೇಳಿ. ಹತ್ತಿಪ್ಪತ್ತು ಪೆಟ್ಟು ಒಟ್ಟಿಗೆ ಬಿದ್ದ ಮೇಲೆ ಒಂದಿಷ್ಟೇ ಇಷ್ಟು ವೇಗ ಬದಲಿಸಿ ನೋಡಿ, ಹಿಂಬಾಲಿಸುತ್ತಾನೆ. ಚಿಕ್ಕ ಮಕ್ಕಳು ಯಂತ್ರದ ಸದ್ದಿಗಿಂತ ಎದುರಿಗಿರುವ ಮನುಷ್ಯರಿಗೆ ಬೇಗ ಹೊಂದುತ್ತಾರೆ. ದಿನಕ್ಕೆ ಎರಡು ನಿಮಿಷ ಸಾಕು. ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುತ್ತಾನೆಯೇ ಎಂಬುದನ್ನೂ ಗಮನಿಸಿ. ತಿರುಗದಿದ್ದರೆ ಕಿವಿ ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಿ.

ಪ್ರಶ್ನೆ: ತಕಿಟದ ಹಾಡಿಗೆ ಹೆಜ್ಜೆ ಹಾಕಿಸಿದರೆ ಮಕ್ಕಳು ಎಡವುತ್ತಾರೆ. ಯಾಕೆ?
– ಪೋಷಕರು, ಶಿರಸಿ

ಉತ್ತರ: ತಕಧಿಮಿಯಲ್ಲಿ 'ತ' ಯಾವಾಗಲೂ ಬಲಗಾಲಿಗೇ ಬರುತ್ತದೆ. ತಕಿಟದಲ್ಲಿ ಮೂರೇ ಅಕ್ಷರ, ಆದ್ದರಿಂದ 'ತ' ಒಮ್ಮೆ ಬಲಗಾಲಿಗೆ, ಮುಂದಿನ ಸಲ ಎಡಗಾಲಿಗೆ. ಆ ಅದಲುಬದಲು ಮೈಗೆ ಹತ್ತುವುದು ತಡ. ನಡಿಗೆ ಬಿಟ್ಟು ನಿಂತಲ್ಲೇ ಮೈ ತೂಗಿಸಿ: ಒಂದು ತಕಿಟಕ್ಕೆ ಬಲಕ್ಕೆ, ಇನ್ನೊಂದಕ್ಕೆ ಎಡಕ್ಕೆ. ಅದು ಸಲೀಸಾದ ಮೇಲೆ 'ತ'ಗೆ ಮಾತ್ರ ಕಾಲು ಕುಟ್ಟಿಸಿ, 'ಕಿಟ'ಕ್ಕೆ ಎರಡು ಮೆಲು ಚಪ್ಪಾಳೆ. ಮೂರು-ನಾಲ್ಕು ಕೂಡಿದ ತಕಿಟ-ತಕಧಿಮಿಯನ್ನು ಐದನೇ ತರಗತಿಯವರೆಗೆ ಮುಟ್ಟದಿದ್ದರೂ ನಷ್ಟವಿಲ್ಲ. ಹೈಸ್ಕೂಲಿನಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವಾಗ ಇದೇ 3, 4ರ ಗಣಗಳು ಎದುರಾಗುತ್ತವೆ, ಕಾಲಿನಲ್ಲಿ ಅದನ್ನು ಆಡಿಸಲು ಅದು ಒಳ್ಳೆಯ ಹೊತ್ತು.