ಮನೆ ಕೊಳ್ಳಲು ಮೀನು ಬಿಡಬೇಕಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. ಗಂಡ ಹೆಂಡತಿ ಸೇರಿ 55,000 ಸಂಪಾದನೆ, ಮಂಗಳೂರಲ್ಲಿ 11,000 ಬಾಡಿಗೆ, ಎರಡನೇ ಕ್ಲಾಸಿನ ಮಗಳು, 35 ಲಕ್ಷದೊಳಗೆ ಒಂದು ಮನೆ ಆಗಬೇಕು, ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಷ್ಟೆಲ್ಲ ಬರೆದು ಕೊನೆಗೆ "ಮೀನು, ಹೊಟೇಲು ಎಲ್ಲ ಬಿಡಬೇಕಾ?" ಅಂತ ಕೇಳಿದ್ದೀರಿ. ನಾನೂ 2016ರಲ್ಲಿ ಅಲ್ಲಿಂದಲೇ ಶುರು ಮಾಡಿದ್ದು ಮಾರಾಯ್ರೆ. ಒಂದು ತಿಂಗಳು ಮನೆಗೆ ಮೀನು ತರಲಿಲ್ಲ. ಉಳಿದದ್ದು ಸಾವಿರ ಚಿಲ್ಲರೆ, ಮುಖ ಊದಿಸಿಕೊಂಡದ್ದು ಮೂರು ಜನ. ಅತ್ತೆಯಂತೂ "ಮನೆ ಆದ ಮೇಲೆ ಅದರೊಳಗೆ ಕೂತು ಎಂತ ತಿನ್ನುವುದು?" ಅಂತ ಕೇಳಿಯೇ ಬಿಟ್ಟರು.

ಮೀನು ಬಿಡಬೇಡಿ. ದುಬಾರಿ ಅಂಜಲ್ ಬಿಡಿ, ಅಗ್ಗದ ಬೂತಾಯಿ ತಿನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಇಳಿಯದ 61 ದಿನ ಯಾವ ಮೀನಿಗೂ ಕೈ ಹಾಕುವ ಹಾಗಿರುವುದಿಲ್ಲ, ಆಗ ಒಣಮೀನು ಚಟ್ನಿ, ಹಲಸಿನ ಬೀಜ, ಯಾರಾದರೂ ಕೆಸುವಿನ ಎಲೆ ಕೊಟ್ಟರೆ ಪತ್ರೊಡೆ. ಕುಚ್ಚಲಕ್ಕಿಯನ್ನು ಅರ್ಧ ಮೂಟೆ ಒಟ್ಟಿಗೆ ತನ್ನಿ. ಅಡುಗೆಮನೆಯ ಬಗ್ಗೆ ನನಗೆ ಹೇಳಲಿಕ್ಕಿರುವುದು ಇಷ್ಟೇ. ನಮ್ಮ ದುಡ್ಡು ಅಡುಗೆಮನೆಯಿಂದ ಸೋರುತ್ತಿರಲಿಲ್ಲ. ಎಲ್ಲಿಂದ ಸೋರುತ್ತಿತ್ತು ಅಂತ ಗೊತ್ತಾಗಲು ನಮಗೆ ಎರಡು ವರ್ಷ ಹಿಡಿಯಿತು.

ನಾನು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ನಮ್ಮವರದು ವೈರಿಂಗ್ ಕೆಲಸ, ಒಂದು ತಿಂಗಳು ಇದ್ದ ಹಾಗೆ ಇನ್ನೊಂದು ತಿಂಗಳು ಇಲ್ಲ. ಆಗ ಇಬ್ಬರದ್ದೂ ಸೇರಿ ಸರಾಸರಿ 41,000. ಕೊಟ್ಟಾರದಲ್ಲಿ 8,000 ಬಾಡಿಗೆ. ಇಬ್ಬರು ಮಕ್ಕಳು, ಅತ್ತೆ. ನನಗೆ ಪರಿಚಯದ ಒಬ್ಬರು ಬ್ಯಾಂಕಿನಲ್ಲಿದ್ದು ರಿಟೈರ್ ಆದವರು ಒಂದು ಉಪಾಯ ಹೇಳಿದರು. ಯಕ್ಷಗಾನಕ್ಕೆ ಮೊದಲು ಟ್ರಯಲ್ ಮಾಡುತ್ತಾರಲ್ಲ, ಹಾಗೆ ಸಾಲದ ಕಂತಿಗೂ ಟ್ರಯಲ್ ಮಾಡಿ ಅಂತ. ಮುಂದೆ ತೆಗೆಯಬೇಕೆಂದಿರುವ ಸಾಲಕ್ಕೆ ಕಂತು ಎಷ್ಟು ಬರುತ್ತದೆ ನೋಡಿ, ಅದರಲ್ಲಿ ಈಗಿನ ಬಾಡಿಗೆ ಕಳೆಯಿರಿ, ಉಳಿದದ್ದನ್ನು ಇವತ್ತಿನಿಂದಲೇ ಕಟ್ಟಲು ಶುರು ಮಾಡಿ. 18 ಲಕ್ಷ ಸಾಲ, ಆಗಿನ ಬಡ್ಡಿ ಒಂಬತ್ತೂವರೆ, 20 ವರ್ಷ ಅಂತ ಹಿಡಿದರೆ ಕಂತು ಹೆಚ್ಚುಕಡಿಮೆ 17,000. ಬಾಡಿಗೆ 8,000 ಕಳೆದರೆ 9,000. ಸಂಬಳ ಬಿದ್ದ ಮರುದಿನ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ಅಂದರೆ ಆರ್‌ಡಿಗೆ ತಾನಾಗಿಯೇ ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆದು ಕೊಟ್ಟು ಬಂದೆ.

ನಿಮ್ಮ ಲೆಕ್ಕವನ್ನೂ ಇಲ್ಲೇ ಹಾಕಿಬಿಡುತ್ತೇನೆ. 25 ಲಕ್ಷ ಸಾಲ, ಬಡ್ಡಿ ಎಂಟು, 20 ವರ್ಷ ಅಂದರೆ ಕಂತು 20,900. ಬಾಡಿಗೆ 11,000 ಕಳೆದರೆ 10,000 ಅಂತಿಟ್ಟುಕೊಳ್ಳಿ. ಅಷ್ಟನ್ನು ಐದು ವರ್ಷ ಆರೂವರೆ ಬಡ್ಡಿಯಲ್ಲಿ ಕಟ್ಟಿದರೆ ಸುಮಾರು 7 ಲಕ್ಷ ಆಗುತ್ತದೆ. ಇದು ಉಳಿತಾಯವೂ ಹೌದು, ನಿಮ್ಮಿಂದ ಸಾಲ ಕಟ್ಟಲು ಆಗುತ್ತದಾ ಇಲ್ಲವಾ ಅನ್ನುವ ಪರೀಕ್ಷೆಯೂ ಹೌದು. ಆಗದಿದ್ದರೆ ಈಗಲೇ ಗೊತ್ತಾಗಲಿ. ಈಗ ತಪ್ಪಿದರೆ ಬ್ಯಾಂಕಿನವರು ಮನೆ ಬಾಗಿಲಿಗೆ ಬರುವುದಿಲ್ಲ.

ನಮಗೆ ತಪ್ಪಿತು. ತಪ್ಪಿದ ತಿಂಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಸುತ್ತು ಹಾಕಿಟ್ಟಿದ್ದೆ. 2017ರಲ್ಲಿ ಏಪ್ರಿಲ್, ಮೇ, ಜೂನ್. 2018ರಲ್ಲಿ ಮತ್ತೆ ಮೇ, ಜೂನ್. ಎರಡೂ ವರ್ಷದ ಸುತ್ತು ಅದೇ ಜಾಗಕ್ಕೆ ಬಂದಾಗ ತಲೆಗೆ ಹೊಳೆಯಿತು. ನಮ್ಮ ಕಡೆ ಖರ್ಚು ತಿಂಗಳ ಲೆಕ್ಕದಲ್ಲಿ ನಡೆಯುವುದೇ ಇಲ್ಲ. ಮಳೆ ಬಿಟ್ಟ ಮೇಲೆ ಮದುವೆ, ಗೃಹಪ್ರವೇಶ, ದೈವದ ನೇಮ, ದೇವಸ್ಥಾನದ ಬ್ರಹ್ಮಕಲಶ ಶುರುವಾದರೆ ಮುಗಿಯುವುದು ಮತ್ತೆ ಮಳೆ ಬರುವಾಗ. ಅದು ಮುಗಿಯುವುದಕ್ಕೂ ಶಾಲೆಯ ಫೀಸು, ಕೊಡೆ, ಯೂನಿಫಾರಂ ಬರುವುದಕ್ಕೂ ಸರಿಯಾಗುತ್ತದೆ. ಒಂದೇ ಮೇ ತಿಂಗಳಲ್ಲಿ ನಮಗೆ ಐದು ಮದುವೆ, ಮೇಲಿಂದ ಊರಿನ ದೇವಸ್ಥಾನದ ಬ್ರಹ್ಮಕಲಶದ ವಂತಿಗೆ. ಉಳಿದ ಎಂಟು ತಿಂಗಳು ಜುಗ್ಗರ ಹಾಗೆ ಬದುಕಿ ಕೂಡಿಟ್ಟದ್ದನ್ನು ನಾಲ್ಕು ತಿಂಗಳಲ್ಲಿ ಕವರಿಗೆ ಹಾಕಿ ಹಂಚುತ್ತಿದ್ದೆವು.

ಒಂದು ಆದಿತ್ಯವಾರ ಕೂತು ಹಿಂದಿನ ಇಡೀ ವರ್ಷದ ಲೆಕ್ಕ ತೆಗೆದೆವು. ಫಂಕ್ಷನ್‌ಗಳಿಗೆ 26,000. ಶಾಲೆಗೆ 24,000. ಚೌತಿ, ದೀಪಾವಳಿ ಬಟ್ಟೆಬರೆ 8,000. ಸ್ಕೂಟರಿನ ಇನ್ಶೂರೆನ್ಸ್, ಸರ್ವಿಸ್ 6,000. ಇವರ ಊರು ಕಾಪು ಹತ್ತಿರ, ಅಲ್ಲಿ ಕುಟುಂಬದ ಮನೆಯ ತಂಬಿಲ, ಪೂಜೆ, ಹೋಗಿಬರುವುದು 8,000. ಒಟ್ಟು 72,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 6,000. ಈ ಆರು ಸಾವಿರವನ್ನು ಬೇರೆಯೇ ಒಂದು ಎಸ್‌ಬಿ ಖಾತೆಗೆ ಹಾಕತೊಡಗಿದೆವು. ಎಟಿಎಂ ಕಾರ್ಡು ಅತ್ತೆಯ ಕಪಾಟಿನಲ್ಲಿ. ಮನೆಯಲ್ಲಿ ಅದಕ್ಕೆ "ಸೀಸನ್ ಡಬ್ಬಿ" ಅಂತ ಹೆಸರು. ಅಂದಿನಿಂದ 2020ರ ಏಪ್ರಿಲ್, ಮೇ ಬಿಟ್ಟರೆ ಆರ್‌ಡಿ ಒಮ್ಮೆಯೂ ತಪ್ಪಲಿಲ್ಲ. ಆ ಎರಡು ತಿಂಗಳು ಲಾಕ್‌ಡೌನ್, ವೈರಿಂಗ್ ಕೆಲಸಕ್ಕೆ ಮನೆಯೊಳಗೆ ಬಿಡುವವರೇ ಇರಲಿಲ್ಲ.

ಡಬ್ಬಿಗೆ ಮಿತಿ ಇರುವುದರಿಂದ ಕವರಿಗೂ ಮಿತಿ ಬಂತು. ಅಣ್ಣತಮ್ಮಂದಿರ ಮಕ್ಕಳ ಮದುವೆಗೆ ಇಷ್ಟು, ನೆರೆಕರೆಗೆ ಇಷ್ಟು, ಆಫೀಸಿನವರಿಗೆ ಇಷ್ಟು ಅಂತ ಮೊದಲೇ ಬರೆದಿಟ್ಟೆವು. ಪ್ರತಿ ಮದುವೆಗೂ ಹೊಸ ಸೀರೆ ಬಂದ್. ಕಾರು ಬಾಡಿಗೆಗೆ ಹಿಡಿದು ಹೋಗುವುದೂ ಬಂದ್, ಬಸ್ಸಿಗೆ ಹೋದೆವು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಅಲ್ವಾ ಅಂತ ಘಟ್ಟದ ಮೇಲಿನ ನೆಂಟರು ಈಗ ಕೇಳುತ್ತಾರೆ, ಆದರೆ ಶಕ್ತಿ ಯೋಜನೆ ಸರಕಾರಿ ಬಸ್ಸಿಗೆ, ನಮ್ಮ ಸಿಟಿಯಲ್ಲಿ ಓಡುವುದು ಹೆಚ್ಚಿನದೂ ಪ್ರೈವೇಟ್. ಮಾತು ಕೇಳಬೇಕಾಯಿತು, ಸುಳ್ಳು ಹೇಳುವುದಿಲ್ಲ. "ಮನೆ ತೆಗೆಯುವವರ ಕೈ ಸಣ್ಣದಾಗಿದೆ" ಅಂತ ಒಬ್ಬರು ಊಟದ ಪಂಕ್ತಿಯಲ್ಲೇ ಹೇಳಿದರು. ಅದನ್ನು ನುಂಗಿಕೊಂಡೆ. ಆದರೆ ಖರ್ಚು ಉಳಿಸಲಿಕ್ಕೆ ಅಂತ ಚಿಕ್ಕಮ್ಮನ ಮಗಳ ಮದುವೆಗೆ ಬೆಂಗಳೂರಿಗೆ ಹೋಗದೆ ಇದ್ದದ್ದು ಮಾತ್ರ ತಪ್ಪು ಅಂತ ಈಗಲೂ ಅನಿಸುತ್ತದೆ. ಅವಳು ಇನ್ನೂ ಮರೆತಿಲ್ಲ.

ನಮ್ಮವರ ಕೈಗೆ ದಿನಾ ದುಡ್ಡು ಬರುತ್ತಿತ್ತು, ದಿನಾ ಹೋಗುತ್ತಿತ್ತು. ಅದಕ್ಕೆ ಪಿಗ್ಮಿ ಮಾಡಿಸಿದೆ, ದಿನಕ್ಕೆ ನೂರು. ಈ ಪಿಗ್ಮಿ ನಮ್ಮ ಉಡುಪಿಯಿಂದಲೇ ಹೊರಟದ್ದು ನೋಡಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಎತ್ತಲು ಶುರು ಮಾಡಿದರು. ಆ ಬ್ಯಾಂಕು 2020ರಲ್ಲಿ ಕೆನರಾದಲ್ಲಿ ಸೇರಿಹೋಯಿತು, ಪಿಗ್ಮಿ ಎತ್ತುವವರು ಮಾತ್ರ ಸೊಸೈಟಿಗಳ ಹೆಸರಲ್ಲಿ ಇವತ್ತಿಗೂ ಅಂಗಡಿ ಅಂಗಡಿ ತಿರುಗುತ್ತಾರೆ. ಬಡ್ಡಿ ನೋಡಿದರೆ ಪಿಗ್ಮಿಯಲ್ಲಿ ಏನೂ ಇಲ್ಲ. ಆದರೆ ಸಂಜೆ ಐದಕ್ಕೆ ಒಬ್ಬರು ಎದುರು ಬಂದು ನಿಂತಾಗ ನೂರು ಕೊಡದೆ ಕಳಿಸುವುದು ಕಷ್ಟ, ಅದರ ಗುಟ್ಟು ಅಷ್ಟೇ. ನಿಮಗಿಬ್ಬರಿಗೂ ತಿಂಗಳ ಸಂಬಳವಾದರೆ ಇದರ ಅಗತ್ಯವಿಲ್ಲ. ಗುರುತಿನವರು ನಡೆಸುವ ಚೀಟಿಗೆ ಹೋಗಬೇಡಿ. ನಾವು ಹೋಗಿದ್ದೆವು, 18,000 ನೀರಿಗೆ ಬಿತ್ತು.

ಈಗ ಮುಖ್ಯದ್ದು. ನೀವು "35 ಲಕ್ಷ" ಅಂದಿರಿ. ನೀವು ಕೂಡಿಡಬೇಕಾದ್ದು ಬ್ಯಾಂಕು ಕೊಡದ ದುಡ್ಡನ್ನು ಮಾತ್ರ, ಆದರೆ ಅದು ಎಲ್ಲರೂ ಅಂದುಕೊಳ್ಳುವುದಕ್ಕಿಂತ ಜಾಸ್ತಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಸಾಲ 30 ಲಕ್ಷದೊಳಗಿದ್ದರೆ ಮನೆಯ ಮೌಲ್ಯದ ಶೇ. 90ರವರೆಗೆ ಕೊಡಬಹುದು. ಕೊಡಬಹುದು ಅಷ್ಟೇ, ಕೊಡಲೇಬೇಕು ಅಂತಿಲ್ಲ. ನಾವು 2021ರ ಮಾರ್ಚಿನಲ್ಲಿ ಸುರತ್ಕಲ್ ಹತ್ತಿರದ ಕುಳಾಯಿಯಲ್ಲಿ ಒಂದು ಹಳೇ ಫ್ಲಾಟಿಗೆ 28 ಲಕ್ಷಕ್ಕೆ ಮಾತಾಡಿದೆವು. ಬ್ಯಾಂಕಿನ ವ್ಯಾಲ್ಯುವೇಶನ್‌ನವರು ಬಂದು ಕಟ್ಟಡ ಹಳೆಯದು ಅಂತ 25 ಲಕ್ಷ ಬರೆದರು, ಅದರ ಶೇ. 80ರಂತೆ ಸಾಲ ಸಿಕ್ಕಿದ್ದು 20 ಲಕ್ಷ. ಉಳಿದ 8 ಲಕ್ಷ ನಮ್ಮದೇ. ಮೇಲೆ ಸ್ಟ್ಯಾಂಪು, ರಿಜಿಸ್ಟ್ರೇಶನ್ ಆಗ ಶೇ. 6.6, ಅಂದರೆ 1,84,800. ಅದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ವಕೀಲರು, ಪ್ರೊಸೆಸಿಂಗ್ ಫೀಸು, ಪೈಂಟು ಎಲ್ಲ ಸೇರಿ ಕೈಯಿಂದ ಹೋದದ್ದು ಹತ್ತು ಮುಕ್ಕಾಲು ಲಕ್ಷ.

ಅದು ಬಂದದ್ದು ಹೀಗೆ: ಆರ್‌ಡಿಗಳಿಂದ ಆರು ಲಕ್ಷ ಚಿಲ್ಲರೆ (2019ರಿಂದ ತಿಂಗಳಿಗೆ 12,000 ಮಾಡಿದ್ದೆವು), ಪಿಗ್ಮಿಯಿಂದ 1.4 ಲಕ್ಷ, ನನ್ನ ಪಿಎಫ್‌ನಿಂದ ಒಂದೂವರೆ, ಬಾಡಿಗೆ ಮನೆಯ ಅಡ್ವಾನ್ಸ್ 50,000. ಕಡಿಮೆ ಬಿದ್ದದ್ದಕ್ಕೆ ನನ್ನ ಎರಡು ಬಳೆ ಅಡವಿಟ್ಟೆವು, ಹದಿನಾಲ್ಕು ತಿಂಗಳಲ್ಲಿ ಬಿಡಿಸಿಕೊಂಡೆವು.

ನಿಮಗೆ ಈಗ ಇನ್ನೂ ಸ್ವಲ್ಪ ಜಾಸ್ತಿ ಬೀಳುತ್ತದೆ. 2025ರ ಆಗಸ್ಟ್ 31ರಿಂದ ರಿಜಿಸ್ಟ್ರೇಶನ್ ಫೀಸು ಒಂದರಿಂದ ಎರಡು ಪರ್ಸೆಂಟಿಗೆ ಏರಿದೆ, ಸಿಟಿಯಲ್ಲಿ ಹಳೇ ಮನೆಗೆ ಒಟ್ಟು ಶೇ. 7.6. ಅಂದರೆ 35 ಲಕ್ಷದ ಮನೆಗೆ 2,66,000. ಹೊಸ ಫ್ಲಾಟು ಬಿಲ್ಡರಿಂದ ಮೊದಲ ಸಲ ರಿಜಿಸ್ಟರ್ ಆಗುವುದಾದರೆ 45 ಲಕ್ಷದವರೆಗೆ ಸ್ಟ್ಯಾಂಪು ಡ್ಯೂಟಿ ಐದರ ಬದಲು ಮೂರೇ ಪರ್ಸೆಂಟು, ಆದರೆ ಕಟ್ಟುತ್ತಿರುವಾಗಲೇ ಕೊಂಡರೆ ಜಿಎಸ್‌ಟಿ ಇದೆ. ಕಂಪ್ಲೀಶನ್ ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಅದಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0 ಕೂಡ ವಿಚಾರಿಸಿ. ವರ್ಷದ ಆದಾಯ 9 ಲಕ್ಷದೊಳಗೆ, ಮನೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇದ್ದು ಕುಟುಂಬಕ್ಕೆ ಬೇರೆ ಪಕ್ಕಾ ಮನೆ ಇಲ್ಲದಿದ್ದರೆ ಐದು ವರ್ಷದಲ್ಲಿ ಒಟ್ಟು 1.80 ಲಕ್ಷದವರೆಗೆ ಬಡ್ಡಿ ಸಹಾಯ ಸಿಗುತ್ತದೆ. ಮೇಲಿನ ಲೆಕ್ಕದಲ್ಲಿ ನಾನು 25 ಲಕ್ಷ ಹಿಡಿದದ್ದು ಅದಕ್ಕೇ.

ನಿಮ್ಮಿಬ್ಬರಲ್ಲಿ ಯಾರದ್ದಾದರೂ ಸ್ವಂತ ಕೆಲಸವಾದರೆ ಐಟಿ ರಿಟರ್ನ್ ಈಗಿನಿಂದಲೇ ಹಾಕಿ. ನಮ್ಮವರದ್ದು ಮೂರು ವರ್ಷದ್ದು ಕೇಳಿದರು. ಹಾಕಿಟ್ಟದ್ದರಿಂದ ಬಚಾವಾದೆವು. ಜಾಗ ತೆಗೆದು ಕಟ್ಟುವ ಆಲೋಚನೆ ಇದ್ದರೆ, ಕನ್ವರ್ಷನ್ (ಕೃಷಿ ಜಾಗವನ್ನು ಮನೆ ಕಟ್ಟಲು ಬದಲಿಸಿದ ಆದೇಶ) ಮತ್ತು 9/11 (ಪಂಚಾಯತಿನ ಖಾತೆ ದಾಖಲೆ) ಆಗದ ಐದು ಸೆಂಟ್ಸ್ "ಅಗ್ಗಕ್ಕೆ ಉಂಟು" ಅಂತ ಬ್ರೋಕರ್ ಹೇಳಿದರೆ ಚಾ ಕುಡಿದು ಎದ್ದು ಬನ್ನಿ.

ಸಾಲ ಆದ ಮೇಲೂ ಒಂದು ಕಣ್ಣಿಟ್ಟಿರಬೇಕು. ನಾವು ತೆಗೆದಾಗ ಬಡ್ಡಿ ಏಳು, ಕಂತು 15,506. ಟ್ರಯಲ್ 17,000ಕ್ಕೆ ಮಾಡಿದ್ದರಿಂದ ಆರಾಮ ಅನಿಸಿತ್ತು. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ನಾಲ್ಕರಿಂದ ಆರೂವರೆಗೆ ಏರಿತು, ಅದರ ಜೊತೆ ನಮ್ಮ ಬಡ್ಡಿಯೂ. ಕಂತು ಮಾತ್ರ ಅಷ್ಟೇ ಹೋಗುತ್ತಿತ್ತು, ನಾನು ಖುಷಿಯಲ್ಲಿದ್ದೆ. ಒಂದು ದಿನ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಅಸಲಿಗೆ ಹೋಗುತ್ತಿದ್ದದ್ದು ತಿಂಗಳಿಗೆ ಮುನ್ನೂರು ಚಿಲ್ಲರೆ! ಉಳಿದದ್ದೆಲ್ಲ ಬಡ್ಡಿಗೆ. ಕಂತು ಏರಿಸುವ ಬದಲು ಅವಧಿ ಉದ್ದ ಮಾಡಿದ್ದರು. ಮರುದಿನವೇ ಹೋಗಿ 18,500ಕ್ಕೆ ಏರಿಸಲು ಬರೆದು ಕೊಟ್ಟೆ. 2025ರಲ್ಲಿ ದರ ಇಳಿದಾಗ ಕಂತು ಇಳಿಸಲಿಲ್ಲ. ಏರಿಳಿಯುವ ಬಡ್ಡಿಯ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವ ಹಾಗಿಲ್ಲ, ಹಾಗಾಗಿ ಕೈಗೆ ಬೋನಸ್ ಬಂದಾಗ ಹತ್ತಿಪ್ಪತ್ತು ಸಾವಿರ ಅಸಲಿಗೆ ಹಾಕುತ್ತೇವೆ.

ಮತ್ತೆ, ಮನೆ ನೋಡಲಿಕ್ಕೆ ಎರಡು ಸಲ ಹೋಗಿ. ಮೇ ತಿಂಗಳಲ್ಲಿ ಒಮ್ಮೆ, ಬಾವಿಯಲ್ಲಿ ಎಷ್ಟು ನೀರಿದೆ, ತುಂಬೆ ಅಣೆಕಟ್ಟಿನಿಂದ ಬರುವ ನಲ್ಲಿ ನೀರು ದಿನ ಬಿಟ್ಟು ದಿನ ಆದಾಗ ಟ್ಯಾಂಕರಿಗೆ ಎಷ್ಟು ಕೊಡುತ್ತಾರೆ ಅಂತ ಅಲ್ಲಿರುವವರನ್ನೇ ಕೇಳಿ. ಜುಲೈ, ಆಗಸ್ಟಿನಲ್ಲಿ ಬರುವ ಆಟಿ ತಿಂಗಳ ಜಡಿಮಳೆಯಲ್ಲಿ ಇನ್ನೊಮ್ಮೆ. ನಾವು ಫೆಬ್ರವರಿಯಲ್ಲಿ ನೋಡಿ ಮಾರ್ಚಿನಲ್ಲಿ ರಿಜಿಸ್ಟರ್ ಮಾಡಿಸಿದವರು. ಮೇಲಿನ ಮಹಡಿ, ಗಾಳಿ ಬೆಳಕು ಚೆನ್ನಾಗಿದೆ ಅಂತ ಖುಷಿಪಟ್ಟೆವು. ಜೂನಿನ ಮೊದಲ ವಾರ ಮಕ್ಕಳ ಕೋಣೆಯ ಸ್ಲ್ಯಾಬಿನಿಂದ ನೀರು ಇಳಿಯಿತು. ಟೆರೇಸಿಗೆ ಶೀಟ್ ಹಾಕಿಸದೆ ಬೇರೆ ದಾರಿ ಇರಲಿಲ್ಲ, ಎದುರು ಮನೆಯವರೂ ಕೂಡಿದ್ದರಿಂದ ನಮ್ಮ ಪಾಲಿಗೆ 38,000. ಯಾವ ಲೆಕ್ಕದಲ್ಲೂ ಬರೆದಿಡದ ಖರ್ಚು ಅದು. ಅತ್ತೆಯ ಕಪಾಟಿನಿಂದ ಸೀಸನ್ ಡಬ್ಬಿಯ ಕಾರ್ಡು ತೆಗೆದೆವು. ಆ ವರ್ಷದ ಮೇ ತಿಂಗಳಲ್ಲೂ ಲಾಕ್‌ಡೌನ್, ಒಂದು ಮದುವೆಗೂ ಹೋಗಿರಲಿಲ್ಲ, ಡಬ್ಬಿ ತುಂಬಿಯೇ ಇತ್ತು.