ಸಂಘದಿಂದ ಹೊರಹಾಕಿದರೆ ಅವನು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಮ್ಮ ಯುವಕ ಸಂಘದ ಹುಡುಗನೊಬ್ಬ ಕೆಲವು ತಿಂಗಳಿಂದ ಬದಲಾಗಿದ್ದಾನೆ. ಸದಾ ದ್ವೇಷದ ವಿಡಿಯೊ ನೋಡುತ್ತಾನೆ. ‘ಅವರನ್ನೆಲ್ಲ ಮುಗಿಸಬೇಕು’ ಅನ್ನುತ್ತಾನೆ. ಕೆಟ್ಟ ಹೆಸರು ಬರುವ ಮೊದಲು ಅವನನ್ನು ತೆಗೆದುಹಾಕೋಣ ಎಂದು ಹಿರಿಯರು ಹೇಳುತ್ತಿದ್ದಾರೆ. ಸರಿಯೇ?

ಖಂಡಿತ ಸರಿಯಲ್ಲ. ಜಾತಿ, ಧರ್ಮ, ಪಕ್ಷ ಬದಲಾಗುತ್ತವೆ, ಈ ಪ್ರಶ್ನೆ ಮಾತ್ರ ಬರುತ್ತಲೇ ಇದೆ. ಎಷ್ಟೋ ಜನ ಹುಡುಗನನ್ನು ಹೊರಹಾಕಿದ ಮೇಲೆ ನನಗೆ ಬರೆಯುತ್ತಾರೆ. ಅದಕ್ಕೇ ಸಿಟ್ಟು ಬರುತ್ತದೆ. ಹಿಂಸೆಗೆ ಕರೆಯುವವರು ಮೊದಲು ಮಾಡುವುದೇ ಹಳೆಯ ಗೆಳೆಯರಿಂದ ಅವನನ್ನು ಬಿಡಿಸುವ ಕೆಲಸ. ಅದನ್ನು ನೀವೇ ಮಾಡಿಕೊಡುತ್ತೀರಾ?

ಡೆನ್ಮಾರ್ಕಿನ ಆರ್ಹುಸ್ ನಗರದಿಂದ 2013ರಲ್ಲಿ ಸುಮಾರು 30 ಯುವಕರು ಸಿರಿಯಾದ ಯುದ್ಧಕ್ಕೆ ಹೋದರು. ಹೆಚ್ಚಿನವರು ಒಂದೇ ಮಸೀದಿಗೆ ಬರುತ್ತಿದ್ದವರು. ಪೊಲೀಸರು ಮತ್ತು ನಗರಾಡಳಿತ ಆ ಮಸೀದಿಗೆ ಬೀಗ ಹಾಕಲಿಲ್ಲ. ಅಲ್ಲಿನವರ ಜೊತೆ ಕೂತು ಮಾತಾಡಿದರು. ತಂದೆತಾಯಿಯರ ಗುಂಪು ಕಟ್ಟಿದರು. ವಾಪಸ್ ಬಂದವರಲ್ಲಿ ಅಪರಾಧ ಮಾಡದವರಿಗೆ ಓದು, ಕೆಲಸಕ್ಕೆ ನೆರವು ಕೊಟ್ಟರು. ಜೊತೆಗಿರಲು ಒಬ್ಬೊಬ್ಬ ಮಾರ್ಗದರ್ಶಕನನ್ನೂ ಕೊಟ್ಟರು. ಮರುವರ್ಷ ಹೋದದ್ದು ಒಬ್ಬನೇ ಎಂದು ಅಲ್ಲಿನ ಪೊಲೀಸರು ಹೇಳಿದರು.

ದೂರದ ಮಾತು ಅನ್ನಿಸಿದರೆ ನಮ್ಮ ಮಲೆನಾಡನ್ನೇ ನೋಡಿ. 2014ರ ಡಿಸೆಂಬರಿನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ನಕ್ಸಲ್ ಹಾದಿ ಬಿಟ್ಟು ಹೊರಬಂದರು. 2025ರ ಜನವರಿ 8ರಂದು ಇನ್ನೂ ಆರು ಮಂದಿ ಬೆಂಗಳೂರಿನಲ್ಲಿ ಶರಣಾದರು. ಎರಡೂ ಸಲ ಸರ್ಕಾರಕ್ಕೂ ಅವರಿಗೂ ನಡುವೆ ನಿಂತು ಮಾತು ನಡೆಸಿದ್ದು ನಾಗರಿಕರ ವೇದಿಕೆ. ಕಾಡಿಗೆ ಹೋದವರ ಜೊತೆಗೇ ಮಾತಾಡಬಹುದಾದರೆ, ಪಕ್ಕದ ಬೀದಿಯ ಹುಡುಗನ ಜೊತೆ ಆಗುವುದಿಲ್ಲವೇ?

ಅವನ ವಯಸ್ಸಿನ, ಅವನು ನಂಬುವ ಇಬ್ಬರು ಹೋಗಲಿ. ಒಬ್ಬನೇ ಹೋಗುವುದು ಬೇಡ. ಆ ಹುಡುಗನೇ ಮಾತಾಡಲು ಹೋದವನನ್ನು ತನ್ನ ಕಡೆ ಎಳೆದುಕೊಂಡಾನು ಎಂಬ ಭಯ ನನಗೆ ಯಾವಾಗಲೂ ಇದೆ. ವಿಡಿಯೊ ಸರಿಯೋ ತಪ್ಪೋ ಎಂದು ಮೊದಲ ದಿನವೇ ವಾದಕ್ಕೆ ಇಳಿಯಬೇಡಿ. ಕೆಲಸ ಹೋಯಿತಾ, ಯಾರಾದರೂ ಅವಮಾನ ಮಾಡಿದರಾ, ಮನೆಯಲ್ಲಿ ಏನಾಯಿತು, ಕೇಳಿ. ಕಬಡ್ಡಿ ಪಂದ್ಯದ್ದೋ ರಕ್ತದಾನ ಶಿಬಿರದ್ದೋ ಒಂದು ಜವಾಬ್ದಾರಿ ಕೊಡಿ. ಇದು ಒಂದು ಭಾನುವಾರದಲ್ಲಿ ಮುಗಿಯುವುದಿಲ್ಲ, ವರ್ಷ ಹಿಡಿಯಬಹುದು. ಇನ್ನೊಂದು ಮಾತು. ತೀರ್ಮಾನ ಮಾಡುವಾಗ ಹುಡುಗರನ್ನೂ ಕೂರಿಸಿಕೊಳ್ಳಿ. 2015ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2250ನೇ ನಿರ್ಣಯದಲ್ಲಿ ಕೇಳಿದ್ದೂ ಇದನ್ನೇ, ಶಾಂತಿಯ ಕೆಲಸದ ತೀರ್ಮಾನಗಳಲ್ಲಿ ಯುವಜನರಿಗೆ ಪಾಲು ಇರಬೇಕು ಎಂದು.

ಆದರೆ ಅವನು ಆಯುಧ ಕೂಡಿಸುತ್ತಿದ್ದರೆ, ಇಂಥವರನ್ನು ಇಂಥ ದಿನ ಹೊಡೆಯುತ್ತೇನೆ ಎಂದು ಹೇಳಿದರೆ, ಸಂಘದ ಕೆಲಸ ಅಲ್ಲಿಗೆ ಮುಗಿಯಿತು. ತಕ್ಷಣ 112ಕ್ಕೆ ಕರೆ ಮಾಡಿ. ಗೆಳೆತನದ ಹೆಸರಲ್ಲಿ ಮುಚ್ಚಿಡಬೇಡಿ. ಸಾಯುವವರು ಬೇರೆಯವರು ಅಲ್ವಾ?

ಪ್ರಶ್ನೆ: ಬಡತನ, ಓದಿಲ್ಲದಿರುವುದೇ ಇದಕ್ಕೆಲ್ಲ ಕಾರಣ ತಾನೇ?

ಅಲ್ಲ. 2016ರ ಜುಲೈನಲ್ಲಿ ಢಾಕಾದ ಹೋಟೆಲಿನಲ್ಲಿ ಜನರನ್ನು ಕೊಂದವರಲ್ಲಿ ಶ್ರೀಮಂತರ ಮನೆಯ, ಒಳ್ಳೆಯ ಶಾಲೆಗಳಲ್ಲಿ ಓದಿದ ಹುಡುಗರಿದ್ದರು.

ಪ್ರಶ್ನೆ: ಮೂರು ಸಲ ಸಮ್ಮೋಹನ ಮಾಡಿ ಬ್ರೈನ್‌ವಾಶ್ ತೆಗೆಯುತ್ತೇವೆ ಎನ್ನುವವರ ಬಳಿ ಮಗನನ್ನು ಕಳಿಸಬಹುದೇ?

ಬೇಡ. ಅದು ಹಣ ಕೀಳುವ ಮೋಸ. ಅವನಿಗೆ ನಿದ್ದೆ ಇಲ್ಲ, ಸಾಯುವ ಮಾತಾಡುತ್ತಾನೆ ಎಂದಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಮನೋವೈದ್ಯರಿಗೆ ತೋರಿಸಿ.

ಪ್ರಶ್ನೆ: ಉಗ್ರವಾದದ ವಿರುದ್ಧ ಒಂದು ದಿನ ಜಾಥಾ ಮಾಡಿದರೆ ಸಾಕೇ?

ಸಾಲದು. ಆ ಹುಡುಗ ಜಾಥಾಕ್ಕೆ ಬರುವುದೇ ಇಲ್ಲ. ನೀವೇ ಅವನ ಮನೆಗೆ ಹೋಗಿ.