ನಂಬರ್ ಸೇರುವ ಕ್ರಾಸು: ಹೆದ್ದಾರಿ ಬೋರ್ಡಿನ ಫೋಟೊ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಶಿರಾದ ಒಂದು ಫೋಟೊ ಹಾಕಿದ್ದೆ. ಒಂದೇ ಚೌಕಟ್ಟಿನಲ್ಲಿ ಎರಡು ನಂಬರ್: 48 ಮತ್ತು 69. ಎರಡೂ ರಾಷ್ಟ್ರೀಯ ಹೆದ್ದಾರಿಗಳು. ನಂಬರ್ ಇರುವ ಎರಡು ರಸ್ತೆ ಎಲ್ಲೆಲ್ಲಿ ಸೇರುತ್ತವೋ ಅಲ್ಲಿಗೆ ಹೋಗಿ ಬೋರ್ಡಿನ ಫೋಟೊ ತೆಗೆಯುವುದು ನನಗೆ ಬಹಳ ಇಷ್ಟದ ಕೆಲಸ ಅಂತ ಅದರ ಕೆಳಗೆ ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ ಇವೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸ್ಟುಡಿಯೋ ನಡೆಸುವ ನನಗೆ ಇದಕ್ಕಿಂತ ಖುಷಿ ಇನ್ನೇನು? ಬಿ.ಎಚ್. ಅಂದರೆ ಬೆಂಗಳೂರು–ಹೊನ್ನಾವರ. ದಿನಾ ಶಟರ್ ಎತ್ತುವುದೇ ಒಂದು ಹೆದ್ದಾರಿಯ ಹೆಸರಿನ ಮೇಲೆ.

ಚಿಕ್ಕಂದಿನಿಂದ ನಮ್ಮ ರಸ್ತೆಯನ್ನು ಎನ್‌ಎಚ್ ಫೋರ್ ಅಂತಲೇ ಕರೆಯುತ್ತೇವೆ. ಬೋರ್ಡ್ ನೋಡಿದರೆ 75 ಅಂತಿದೆ. ತುಮಕೂರಿನಲ್ಲಿರುವ ನೆಂಟರೂ ತಮ್ಮದು ಎನ್‌ಎಚ್ ಫೋರ್ ಅನ್ನುತ್ತಾರೆ, ಅಲ್ಲಿ ಬೋರ್ಡಿನಲ್ಲಿ 48 ಇದೆ. ಯಾವುದು ಸರಿ ಸರ್?
(ಓದುಗರು, ಕೋಲಾರ)

ಬೋರ್ಡೂ ಸರಿ, ನಿಮ್ಮ ನೆನಪೂ ಸರಿ. ಹಳೆಯ 4 ಮುಂಬೈ ಕಡೆಯಿಂದ ಪುಣೆ, ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗ, ತುಮಕೂರು ದಾಟಿ ಬೆಂಗಳೂರಿಗೆ ಬರುತ್ತಿತ್ತು. ಅಲ್ಲಿಂದ ಕೋಲಾರ, ಮುಳಬಾಗಿಲು, ಚಿತ್ತೂರಿನ ಮೇಲೆ ಚೆನ್ನೈಗೆ ಹೋಗುತ್ತಿತ್ತು. ತುಮಕೂರಿನವರೂ ಕೋಲಾರದವರೂ ಒಂದೇ ನಂಬರಿನ ರಸ್ತೆಯವರು. 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಗಳಿಗೆಲ್ಲ ಹೊಸದಾಗಿ ನಂಬರ್ ಕೊಟ್ಟಿತು. ಆಗ ಈ ರಸ್ತೆ ಪಾಲಾಯಿತು. ತುಮಕೂರಿನ ಭಾಗ ದೆಹಲಿಯಿಂದ ಚೆನ್ನೈಗೆ ಹೋಗುವ 48ಕ್ಕೆ ಸೇರಿತು. ಈ 48 ಬೆಂಗಳೂರು ದಾಟಿದ ಮೇಲೆ ನಿಮ್ಮ ಕಡೆ ಬರುವುದಿಲ್ಲ, ಹೊಸೂರು, ಕೃಷ್ಣಗಿರಿ ದಾರಿ ಹಿಡಿಯುತ್ತದೆ. ನಿಮ್ಮ ಭಾಗ ಬಂಟ್ವಾಳದಿಂದ ಹಾಸನ, ಕುಣಿಗಲ್, ಬೆಂಗಳೂರಿನ ಮೇಲೆ ಬರುವ 75ಕ್ಕೆ ಹೋಯಿತು. ಇನ್ನು ಮುಳಬಾಗಿಲು ದಾಟಿ ನಂಗಲಿ, ಚಿತ್ತೂರಿನ ಕಡೆ ಹೊರಟರೆ ಅದೂ ಹಳೇ ಫೋರ್ ರಸ್ತೆಯೇ, ಆದರೆ ಈಗ 69.

ಜಾಸ್ತಿ ಗೊಂದಲ ಆಗುವುದು ನೆಲಮಂಗಲದಲ್ಲಿ. ಮೊದಲು ಅಲ್ಲಿ 48 ಅಂದರೆ ಕುಣಿಗಲ್, ಹಾಸನ, ಮಂಗಳೂರಿನ ರಸ್ತೆ. ಈಗ 48 ಅಂದರೆ ತುಮಕೂರಿನ ರಸ್ತೆ, ಕುಣಿಗಲ್ ಕಡೆಯದು 75. ಅದೇ ಊರು, ಅದೇ ನಂಬರ್, ರಸ್ತೆ ಮಾತ್ರ ಬೇರೆ. ಹಾಗಾಗಿ ಆ ಕಡೆಯ ಹಳೇ ಫೋಟೊದಲ್ಲಿ 48 ಕಂಡರೆ, ತೆಗೆದ ವರ್ಷ ಗೊತ್ತಿಲ್ಲದೆ ಅದು ಯಾವ ರಸ್ತೆ ಅಂತ ಹೇಳಲಾಗುವುದಿಲ್ಲ.

ಹೊಸ ನಂಬರಿಗೆ ಒಂದು ಕ್ರಮ ಇದೆ. ಸಮ ಸಂಖ್ಯೆಯವು ಉತ್ತರ–ದಕ್ಷಿಣ ರಸ್ತೆಗಳು, ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಸಂಖ್ಯೆ ಏರುತ್ತದೆ. ಬೆಸ ಸಂಖ್ಯೆಯವು ಪೂರ್ವ–ಪಶ್ಚಿಮ, ಉತ್ತರದಿಂದ ದಕ್ಷಿಣಕ್ಕೆ ಏರುತ್ತವೆ. ನಮ್ಮ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರು ಜಿಲ್ಲೆಗಳಲ್ಲೇ ಇದನ್ನು ನೋಡಬಹುದು. ಚಿಕ್ಕಬಳ್ಳಾಪುರದಲ್ಲಿ 44, ಅದರ ಪಶ್ಚಿಮಕ್ಕೆ ತುಮಕೂರಿನಲ್ಲಿ 48. ಮೇಲಿನಿಂದ ಕೆಳಕ್ಕೆ ಬಂದರೆ ಮಧುಗಿರಿಯಲ್ಲಿ 69, ಗುಬ್ಬಿಯಲ್ಲಿ 73, ಕುಣಿಗಲ್ಲಿನಲ್ಲಿ 75. ಅಮೆರಿಕದಲ್ಲಿ 1926ರಿಂದ ನಂಬರ್ ಹೆದ್ದಾರಿಗಳಿವೆ, ಈ ಹವ್ಯಾಸದವರೂ ಅಲ್ಲಿ ಬಹಳ. ಅವರದು ನಮಗೆ ಉಲ್ಟಾ, ಬೆಸ ಸಂಖ್ಯೆ ಉತ್ತರ–ದಕ್ಷಿಣಕ್ಕೆ.

ಮೂರು ಅಂಕಿ ಇದ್ದರೆ ಅದು ಕವಲು ರಸ್ತೆ, ಕೊನೆಯ ಎರಡು ಅಂಕಿ ಮೂಲ ರಸ್ತೆಯದು. ದಾಬಸ್‌ಪೇಟೆಯಲ್ಲಿ 48ರಿಂದ ದೊಡ್ಡಬಳ್ಳಾಪುರದ ಕಡೆ ತಿರುಗುವ 648 ಹಾಗೆ ಬಂದಿದ್ದು.

ನಿಮ್ಮ ಪ್ರೀತಿಯ 4 ಈಗ ಎಲ್ಲಿದೆ ಅಂತಲೂ ಹೇಳಿಬಿಡುತ್ತೇನೆ. ಅಂಡಮಾನ್ ದ್ವೀಪದಲ್ಲಿದೆ. ಚಿಕ್ಕಬಳ್ಳಾಪುರದವರು ಇನ್ನೂ ಎನ್‌ಎಚ್ ಸೆವೆನ್ ಅನ್ನುತ್ತಾರಲ್ಲ, ಆ 7 ಈಗ ಬದರಿನಾಥಕ್ಕೆ ಹೋಗುವ ರಸ್ತೆಯದು.

ನಾನು ಡಿಗ್ರಿ ಓದುತ್ತಿದ್ದೇನೆ. ನನ್ನ ಹತ್ತಿರ ಇರುವುದು ಮೊಬೈಲ್ ಮಾತ್ರ. ಎಲ್ಲಿಂದ ಶುರು ಮಾಡಲಿ?
(ವಿದ್ಯಾರ್ಥಿನಿ, ಗೌರಿಬಿದನೂರು)

ನಿಮ್ಮೂರೇ 69ರ ಮೇಲಿದೆ ಮಗಳೇ, ಇನ್ನೇನು ಬೇಕು! ನಮ್ಮ ಕಡೆ ಈ ಹವ್ಯಾಸಕ್ಕೆ ಒಂದೇ ಒಂದು ರಸ್ತೆ ಆರಿಸು ಅಂದರೆ ನಾನು 69 ಅನ್ನುತ್ತೇನೆ. ಹೊನ್ನಾವರದಿಂದ ಹೊರಟು ಸಾಗರ, ಶಿವಮೊಗ್ಗ ದಾಟಿ ಹುಳಿಯಾರಿನಲ್ಲಿ ತುಮಕೂರು ಜಿಲ್ಲೆಗೆ ಬರುತ್ತದೆ. ಅಲ್ಲಿ 150ಎ ಸಿಗುತ್ತದೆ. ಬುಕ್ಕಾಪಟ್ಟಣದ ಮೇಲೆ ಶಿರಾಕ್ಕೆ ಬಂದರೆ 48. ಮಧುಗಿರಿ, ನಿಮ್ಮೂರು ದಾಟಿ ಚಿಕ್ಕಬಳ್ಳಾಪುರದಲ್ಲಿ 44. ಆಮೇಲೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ಹಾದು ಮುಳಬಾಗಿಲಿನಲ್ಲಿ 75. ಮೂರೂ ಜಿಲ್ಲೆ ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಈ ಮೂರು ಜಿಲ್ಲೆಗಳಲ್ಲಿ ಇದರ ಬಹುಪಾಲು ಮೊದಲು 234 ಆಗಿತ್ತು. ಆ ನಂಬರ್ ಎಲ್ಲಾದರೂ ಉಳಿದಿದ್ದು ಕಣ್ಣಿಗೆ ಬಿದ್ದರೆ ಬಿಡಬೇಡಿ.

ನೀವು ಚಿಕ್ಕಬಳ್ಳಾಪುರದಿಂದ ಶುರು ಮಾಡಿ, ಬಸ್ಸಿಗೆ ಸುಲಭ. ಅಲ್ಲಿಯ 44 ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವುದು, ದೇಶದಲ್ಲೇ ಅತಿ ಉದ್ದದ ರಾಷ್ಟ್ರೀಯ ಹೆದ್ದಾರಿ. ಅದೇ ರಸ್ತೆ ಏಷ್ಯನ್ ಹೈವೇ 43 ಕೂಡ. ತುಮಕೂರಿನ 48ಕ್ಕೂ ಹಾಗೇ ಇನ್ನೊಂದು ನಂಬರ್ ಇದೆ, ಏಷ್ಯನ್ ಹೈವೇ 47. ಈ ನಂಬರ್ ಹಾಕಿದ ಬೋರ್ಡ್ ಸಿಕ್ಕರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೊಬೈಲ್ ಸಾಕು. ಎರಡು ಬೆರಳಿಟ್ಟು ಜೂಮ್ ಮಾಡಬೇಡಿ, ಅಂಕಿ ಒಡೆದು ಹೋಗುತ್ತದೆ. ಕಾಲಲ್ಲೇ ಹತ್ತಿರ ಹೋಗಿ. ಒಂದು ಕ್ರಾಸಿಗೆ ಎರಡು ಥರದ ಫೋಟೊ ಬೇಕೇ ಬೇಕು. ಮೊದಲನೆಯದು ದೂರದಿಂದ: ಬೋರ್ಡ್, ಬಾಣ ತೋರಿಸುವ ದಾರಿ, ಪಕ್ಕದ ಟೀ ಅಂಗಡಿ, ಹಿಂದಿನ ಬೆಟ್ಟ, ಎಲ್ಲ ಇರಲಿ. ಎರಡನೆಯದು ಬೋರ್ಡ್ ಮಾತ್ರ, ಅಂಕಿ ನೇರವಾಗಿ, ಓದುವ ಹಾಗೆ. ತುಂಬಾ ಜನ ಎರಡನೆಯದು ತೆಗೆದು ಬಂದುಬಿಡುತ್ತಾರೆ. 69 ಅಂತ ಬರೆದ ಗುರಾಣಿ ಆಕಾರದ ಬೋರ್ಡ್ ಹುಳಿಯಾರಿನಲ್ಲೂ ಒಂದೇ, ಚಿಂತಾಮಣಿಯಲ್ಲೂ ಒಂದೇ. ಹಿಂದೆ ಮಧುಗಿರಿಯ ಏಕಶಿಲಾ ಬೆಟ್ಟ ಕಂಡರೆ ಮಾತ್ರ ಅದು ಮಧುಗಿರಿ.

ನಾನು ತೆಗೆದ ಬೋರ್ಡುಗಳೆಲ್ಲ ಹಗಲಲ್ಲಿ ಕಪ್ಪಗೆ ಬರುತ್ತವೆ, ರಾತ್ರಿ ಫ್ಲಾಶ್ ಹಾಕಿದರೆ ಬೆಳ್ಳಗೆ ಹೊಳೆದು ಅಂಕಿಯೇ ಕಾಣಲ್ಲ. ಏನು ಮಾಡಲಿ?
(ಓದುಗರು, ಬಾಗೇಪಲ್ಲಿ)

ರಾತ್ರಿಯದು ಸುಲಭ, ಫ್ಲಾಶ್ ಆಫ್ ಮಾಡಿ. ಹೆದ್ದಾರಿ ಬೋರ್ಡಿಗೆ ಅಂಟಿಸುವ ಹಾಳೆಯಲ್ಲಿ ಗಾಜಿನ ಸಣ್ಣ ಮಣಿಗಳೋ ಪುಟ್ಟ ಪ್ರಿಸಂಗಳೋ ಇರುತ್ತವೆ. ಬೆಳಕು ಬಂದ ಕಡೆಗೇ ವಾಪಸ್ ಕಳಿಸುವುದು ಅವುಗಳ ಕೆಲಸ. ಡ್ರೈವರ್‌ಗೆ ತನ್ನ ಹೆಡ್‌ಲೈಟಿನಲ್ಲೇ ಬೋರ್ಡ್ ಕಾಣಲಿ ಅಂತ. ನಿಮ್ಮ ಫ್ಲಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಅಷ್ಟೂ ಬೆಳಕು ನೇರ ಲೆನ್ಸಿಗೇ ಬಂದು ಬಡಿಯುತ್ತದೆ.

ಹಗಲಿನದು ನಿಮ್ಮೂರಿನ ದಿಕ್ಕಿನ ಸಮಸ್ಯೆ. ಬಾಗೇಪಲ್ಲಿಯಲ್ಲಿ 44 ಹೆಚ್ಚುಕಮ್ಮಿ ಉತ್ತರ–ದಕ್ಷಿಣ ಹೋಗುತ್ತದೆ. ಬೆಂಗಳೂರಿಂದ ಬರುವವರಿಗೆ ಹಾಕಿದ ಬೋರ್ಡ್ ದಕ್ಷಿಣಕ್ಕೆ ಮುಖ ಮಾಡಿರುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅದಕ್ಕೆ ದಿನವಿಡೀ ಬೆಳಕು. ಆಂಧ್ರದಿಂದ ಬರುವವರಿಗೆ ಹಾಕಿದ ಬೋರ್ಡ್ ಉತ್ತರಕ್ಕೆ ಮುಖ ಮಾಡಿರುತ್ತದೆ, ಆ ತಿಂಗಳುಗಳಲ್ಲಿ ಅದರ ಮುಖಕ್ಕೆ ಬಿಸಿಲೇ ಬೀಳುವುದಿಲ್ಲ. ಹಿಂದೆ ಬೆಳಗುವ ಆಕಾಶ, ಮುಂದೆ ನೆರಳು, ಕಪ್ಪಗೆ ಬರದೆ ಇನ್ನೇನು? ಅಂಥ ಬೋರ್ಡನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಸ್ವಲ್ಪ ಉತ್ತರಕ್ಕಿರುತ್ತಾನೆ. ಆ ದಿನಗಳಲ್ಲಿ ಬೆಳಿಗ್ಗೆ ಬೇಗ ಅಥವಾ ಸಂಜೆ ಹೋದರೆ ಓರೆ ಬಿಸಿಲು ಬೋರ್ಡಿನ ಮುಖಕ್ಕೇ ಸಿಗುತ್ತದೆ.

ಬೇರೆ ಊರಿನವರಿಗೂ ಇದೇ ಲೆಕ್ಕ. ಬೆಂಗಳೂರಿಂದ ಕೋಲಾರಕ್ಕೆ ಹೋಗುವವರ ಬೋರ್ಡ್ ಪಶ್ಚಿಮ ನೋಡುತ್ತದೆ, ಸಂಜೆ ತೆಗೆಯಿರಿ. ಬೆಂಗಳೂರಿಂದ ತುಮಕೂರಿಗೆ ಬರುವವರ ಬೋರ್ಡ್ ಆಗ್ನೇಯಕ್ಕೆ ನೋಡುತ್ತದೆ, ಬೆಳಿಗ್ಗೆಯೇ ಸರಿ. ಹೊರಡುವ ಮುಂಚೆ ಬೋರ್ಡಿನ ಮುಖ ಯಾವ ಕಡೆ ಅಂತ ನಕ್ಷೆಯಲ್ಲಿ ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೇ.

ಕಾಯಲು ಆಗದಿದ್ದರೆ ಮೊಬೈಲ್ ಪರದೆಯಲ್ಲಿ ಬೋರ್ಡಿನ ಮೇಲೆ ಬೆರಳು ಒತ್ತಿ ಹಿಡಿದು ಬೆಳಕು ಏರಿಸಿ. ಆಕಾಶ ಬೆಳ್ಳಗಾದರೆ ಆಗಲಿ, ನಮಗೆ ಬೇಕಿರುವುದು ಅಂಕಿ.

ನನ್ನ ಮಗ ಪಿಯುಸಿ. ನಿಮ್ಮ ಫೋಟೊ ನೋಡಿ ಕೆ.ಬಿ. ಕ್ರಾಸಿಗೆ ಹೋಗಿ ರಸ್ತೆ ಮಧ್ಯೆ ನಿಂತು ಫೋಟೊ ತೆಗೆದಿದ್ದಾನೆ. ನನಗೆ ಎದೆ ಧಸಕ್ ಅಂತು. ನೀವೇ ಬುದ್ಧಿ ಹೇಳಿ.
(ಒಬ್ಬ ತಾಯಿ, ತಿಪಟೂರು)

ಅಮ್ಮಾ, ಇದನ್ನು ಅವನ ಕೈಗೇ ಕೊಟ್ಟು ಓದಿಸಿ.

ತಮ್ಮಾ, ರಸ್ತೆ ಮಧ್ಯೆ ನಿಲ್ಲಬೇಡ. ಡಿವೈಡರ್ ಮೇಲೂ ಬೇಡ. ಗಾಡಿ ಓಡಿಸುತ್ತಾ ಮೊಬೈಲ್ ಎತ್ತಲೇಬೇಡ. ಹೆದ್ದಾರಿಯ ಅಂಚಿನಲ್ಲಿ ಬೈಕ್ ನಿಲ್ಲಿಸಿದರೆ ಹಿಂದಿನಿಂದ ಬರುವ ಲಾರಿಯವನಿಗೆ ನೀನು ಕಾಣುವುದು ಕೊನೇ ಗಳಿಗೆಯಲ್ಲಿ. ಸರ್ವಿಸ್ ರೋಡಿಗೆ ಇಳಿದು, ಅಂಗಡಿ ಮುಂದೆ ನಿಲ್ಲಿಸಿ, ನಡೆದು ಹೋಗು. ಅಲ್ಲಿಂದ ಬೋರ್ಡ್ ಸೊಟ್ಟಗೆ ಕಂಡರೆ ಸೊಟ್ಟಗೇ ತೆಗೆ, ಮನೆಯಲ್ಲಿ ನೆಟ್ಟಗೆ ಮಾಡಿಕೊಳ್ಳಬಹುದು. ಕ್ಯಾತ್ಸಂದ್ರದ ಕಡೆ ತಲೆ ಮೇಲೆ ಬರುವ ದೊಡ್ಡ ಹಸಿರು ಬೋರ್ಡುಗಳನ್ನು ನಾನು ಬಸ್ಸಿನ ಮುಂದಿನ ಸೀಟಿನಿಂದಲೇ ತೆಗೆಯುವುದು. ಎಕ್ಸ್‌ಪ್ರೆಸ್‌ವೇಯಲ್ಲಂತೂ ನಿಲ್ಲುವ ಮಾತೇ ಇಲ್ಲ. 44ರಲ್ಲಿ ಬೆಂಗಳೂರಿನ ಕಡೆ ಹೋದರೆ ಯಲಹಂಕದಲ್ಲಿ ವಾಯುಪಡೆ ನೆಲೆ ಇದೆ, ಅಲ್ಲಿ ಕ್ಯಾಮೆರಾ ಒಳಗಿಡು.

ಫೋಟೊ ಚೆನ್ನಾಗಿ ಬಂದಿದ್ದರೆ ನನಗೂ ಕಳಿಸು. 73ಕ್ಕೆ 150ಎ ಅಡ್ಡ ಬರುವ ಆ ಕ್ರಾಸ್ ನನಗೂ ಬಹಳ ಇಷ್ಟ.

ನಿವೃತ್ತ ಮೇಷ್ಟ್ರು ನಾನು. ಬೇಜಾರು ಮಾಡಿಕೊಳ್ಳಬೇಡಿ, ಇದರಿಂದ ಉಪಯೋಗ ಏನು? ಎಲ್ಲಾ ಮೊಬೈಲ್ ನಕ್ಷೆಯಲ್ಲೇ ಇದೆಯಲ್ಲ.
(ಓದುಗರು, ಮಧುಗಿರಿ)

ಬೇಜಾರು ಯಾಕೆ ಮೇಷ್ಟ್ರೇ, ನ್ಯಾಯವಾದ ಪ್ರಶ್ನೆ. ನಕ್ಷೆಯಲ್ಲಿ ಇರುವುದು ಇವತ್ತಿನ ನಂಬರ್. ನಿನ್ನೆಯದನ್ನು ಅದು ಅಳಿಸಿಬಿಟ್ಟಿರುತ್ತದೆ.

ಗುಬ್ಬಿ ದಾಟಿದ ಮೇಲೆ ಒಂದು ಕಿಲೋಮೀಟರ್ ಕಲ್ಲಿದೆ. ರಾಷ್ಟ್ರೀಯ ಹೆದ್ದಾರಿ ಕಲ್ಲಿಗೆ ತಲೆ ಹಳದಿ, ರಾಜ್ಯ ಹೆದ್ದಾರಿಯದಾದರೆ ಹಸಿರು, ನಿಮಗೆ ಗೊತ್ತಿರುತ್ತದೆ. ಇದರ ಹಳದಿ ತಲೆ ಮೇಲೆ 73 ಅಂತ ಕಪ್ಪು ಬಣ್ಣದಲ್ಲಿ ಬರೆದಿದ್ದಾರೆ. ಮದುವೆ ಆರ್ಡರ್ ಮುಗಿಸಿ ಸಂಜೆ ಆ ದಾರಿಯಲ್ಲಿ ಬರುವಾಗ ಬಿಸಿಲು ಪಕ್ಕದಿಂದ ಬಿದ್ದಿತ್ತು. ಹಳದಿ ಬಣ್ಣದ ಅಡಿಯಿಂದ ಹಳೇ ಬಣ್ಣದ ಅಂಚು ಸಣ್ಣಗೆ ಎದ್ದು ನೆರಳು ಬಿಟ್ಟಿತ್ತು. ಬಗ್ಗಿ ನೋಡಿದೆ: 2, ಅಳಿಸಿದ ಒಂದು ಸೊನ್ನೆ, ಆಮೇಲೆ 6ರ ಹೊಟ್ಟೆ. 206! ತುಮಕೂರಿಂದ ಹೊನ್ನಾವರಕ್ಕೆ ಹೋಗುತ್ತಿದ್ದ ಹಳೇ ಹೆದ್ದಾರಿಯ ನಂಬರ್. ನಡು ಮಧ್ಯಾಹ್ನ ನೇರ ಬಿಸಿಲಿನಲ್ಲಿ ನೋಡಿದರೆ ಅಲ್ಲಿ ಏನೂ ಕಾಣುವುದಿಲ್ಲ. ಇನ್ನೊಂದು ಕೋಟ್ ಬಣ್ಣ ಬಿದ್ದರೆ ಅದೂ ಹೋಯಿತು. ರಸ್ತೆ ಅಗಲ ಮಾಡುವಾಗ ಕಲ್ಲೇ ಹೋಗಬಹುದು.

ಫೋಟೊ ಇದ್ದರೆ ಉಳಿಯುತ್ತದೆ. ಆದರೆ ಬರೀ ಫೋಟೊ ಸಾಲದು ಮೇಷ್ಟ್ರೇ. ತಾರೀಖು, ಊರು ಅಥವಾ ಕ್ರಾಸಿನ ಹೆಸರು, ಬೋರ್ಡ್ ಯಾವ ಕಡೆಯಿಂದ ಬರುವವರಿಗೆ ಕಾಣುತ್ತದೆ, ಇಷ್ಟನ್ನು ಅವತ್ತೇ ಬರೆದಿಡಬೇಕು. ನಾನು ಒಂದು ಉದ್ದದ ನೋಟ್‌ಬುಕ್ ಇಟ್ಟಿದ್ದೇನೆ. ವಾಟ್ಸಾಪಿನಲ್ಲಿ ಕಳಿಸಿದ ಫೋಟೊದಲ್ಲಿ ತಾರೀಖು, ಜಾಗದ ಮಾಹಿತಿ ಸಾಮಾನ್ಯವಾಗಿ ಉಳಿಯುವುದಿಲ್ಲ, ಮೂಲ ಫೈಲ್ ಜೋಪಾನ ಮಾಡಿ. ತಾರೀಖಿಲ್ಲದ ಹಳೇ ಫೋಟೊ ಸಿಕ್ಕರೆ ಊರಿನ ಇಂಗ್ಲಿಷ್ ಅಕ್ಷರ ನೋಡಿ. ತುಮಕೂರು, ಶಿವಮೊಗ್ಗ, ಮಂಗಳೂರು ಇವುಗಳ ಸ್ಪೆಲ್ಲಿಂಗ್ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಹಳೇ ಸ್ಪೆಲ್ಲಿಂಗ್, ಹೊಸ ನಂಬರ್ ಎರಡೂ ಒಟ್ಟಿಗಿದ್ದರೆ ಬೋರ್ಡ್ ಬಹುಶಃ 2010ರಿಂದ 2014ರ ನಡುವಿನದು.

ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಜನರೇ ಸೇರಿ ಮಾಡುವ ನಕ್ಷೆ ಇದೆ. ರಸ್ತೆ ನಂಬರ್ ತಪ್ಪಿದ್ದರೆ ನಾವೇ ತಿದ್ದಬಹುದು. ನಾವೇ ಹೋಗಿ ತೆಗೆದ ಬೋರ್ಡಿನ ಫೋಟೊ ಅಲ್ಲಿ ಒಳ್ಳೇ ಸಾಕ್ಷಿ. ನಿಮ್ಮ ಹಳೇ ವಿದ್ಯಾರ್ಥಿಗಳನ್ನು ಇದಕ್ಕೆ ಹಚ್ಚಿದರೆ ಮಧುಗಿರಿಯ ಸುತ್ತಿನ ರಸ್ತೆಗಳೆಲ್ಲ ಸರಿಹೋಗುತ್ತವೆ.

ಗುಜರಿ ಅಂಗಡಿಯಲ್ಲಿ ಹಳೇ ಎನ್‌ಎಚ್ 4 ಬೋರ್ಡ್ ಒಂದಿದೆ. ಕೊಂಡು ಮನೆಯಲ್ಲಿ ಇಟ್ಟುಕೊಳ್ಳಬಹುದಾ?
(ಓದುಗರು, ಶಿರಾ)

ಆಸೆ ಅರ್ಥವಾಗುತ್ತದೆ, ಆದರೆ ಬೇಡ. ಅದು ಸರ್ಕಾರದ ಸ್ವತ್ತು, ಅಂಗಡಿಗೆ ಹೇಗೆ ಬಂತು ಅಂತ ನಿಮಗೂ ಗೊತ್ತಿಲ್ಲ. ಅಂಗಡಿಯವರನ್ನು ಕೇಳಿ, ಬಿಸಿಲಿಗೆ ತಂದು ನಿಲ್ಲಿಸಿ, ಮುಂದೆ ಹಿಂದೆ ಎರಡೂ ಕಡೆ ಫೋಟೊ ತೆಗೆದುಕೊಳ್ಳಿ. ಹಿಂಬದಿಯಲ್ಲಿ ಕೆಲವೊಮ್ಮೆ ಮಾಡಿದವರ ಹೆಸರು, ತಿಂಗಳು, ವರ್ಷ ಇರುತ್ತದೆ. ರಸ್ತೆ ಪಕ್ಕ ಬಿದ್ದಿರುವ ಬೋರ್ಡ್ ಕಂಡರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿ. ನಿಮ್ಮ ಆ 4ರ ಫೋಟೊ ಮಾತ್ರ ನನಗೆ ಬೇಕೇ ಬೇಕು, ಮುಂದಿನ ಸಂಚಿಕೆಗೆ ಕಳಿಸಿ.